ಕೊಸರಿನ ಅಂಕ

ಪರೀಕ್ಷೆಗಳು ಮುಗಿದು ಫಲಿತಾಂಶವು ಇನ್ನೂ ಪ್ರಕಟವಾಗದಿರುವ ಮೂರು ನಾಲ್ಕು ವಾರಗಳಲ್ಲಿ ಕಾಲೇಜುಗಳ ಅಧ್ಯಾಪಕರಿಗೆ ಒಂದು ವಿಚಿತ್ರವಾದ ಜನಪ್ರಿಯತೆ ಒದಗುತ್ತದೆ. ವರ್ಷವೆಲ್ಲ ಅವರ ಹೆಸರನ್ನು ಕೂಡ ವಿಚಾರಿಸದಿದ್ದ ತಂದೆತಾಯಿಗಳು ಆಗ ಅವರ ಮನೆಯನ್ನು ಹುಡುಕಿಕೊಂಡು ಬರುತ್ತಾರೆ. ಬರಲಾರದವರು ದೂರವಾಣಿಯಲ್ಲಿ ಮಾತನಾಡುತ್ತಾರೆ. ಎರಡೂ ಆಗದವರು ಅಧ್ಯಾಪಕರ ಬಂಧುಗಳನ್ನೋ ಆಡಳಿತ ಮಂಡಲಿಯ ಸದಸ್ಯರನ್ನೋ ಹಿಡಿಯುತ್ತಾರೆ. ಬೇಡಿಕೆ ಬಹಳ ಸಣ್ಣದು. "ಒಂದೇ ಒಂದು ಮಾರ್ಕು, ಸಾರ್." 34 ಇದ್ದುದು 35 ಆಗಬೇಕು, 59.5 ಇದ್ದುದು 60 ಆಗಬೇಕು. ಗೆರೆಯ ಅಂಚಿನಲ್ಲಿ ನಿಂತಿರುವ ಹುಡುಗನನ್ನು ಒಂದು ಹೆಜ್ಜೆ ಈಚೆಗೆ ಎಳೆದುಕೊಂಡರೆ ಯಾರ ಗಂಟು ಹೋಗುತ್ತದೆ ಎಂಬುದು ಅವರ ವಾದ. ಎಳೆದುಕೊಳ್ಳದ ಅಧ್ಯಾಪಕನಿಗೆ ಕಲ್ಲೆದೆಯವನೆಂಬ ಬಿರುದು ತಪ್ಪದು.

ಈ ಒಂದು ಅಂಕದಿಂದ ಯಾರ ಗಂಟು ಹೋಗುತ್ತದೆ ಎಂಬುದನ್ನೇ ಇಲ್ಲಿ ವಿಚಾರಿಸಬೇಕಾಗಿದೆ. ಹೋಗುವುದುಂಟು, ಅದು ಕೇಳಲು ಬಾರದೆ ಸುಮ್ಮನಿದ್ದವರ ಗಂಟು. ಆದುದರಿಂದ ಅಧ್ಯಾಪಕನು ತನ್ನ ಕೈಯಾರೆ, ತನ್ನ ಮನಸ್ಸಿಗೆ ತೋರಿದವರಿಗೆ, ಅಂಚಿನ ಅಂಕವನ್ನು ಏರಿಸತಕ್ಕದ್ದಲ್ಲ. ದಯೆ ಬೇಕಾದಲ್ಲಿ ಅದನ್ನು ನಿಯಮವೇ ತೋರಿಸಲಿ, ಮೊದಲೇ ತೋರಿಸಲಿ, ಎಲ್ಲರಿಗೂ ತೋರಿಸಲಿ.

ಬೇಡುವವರು ಈ ಅಂಕವನ್ನು ಒಂದು ಬಗೆಯ ಕೊಸರೆಂದು ಭಾವಿಸುತ್ತಾರೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ ಕೊಂಡವರಿಗೆ ಕೊಸರೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ತೂಕ ಮುಗಿದು ಹಣ ಕೈಸೇರಿದ ಮೇಲೆ ವ್ಯಾಪಾರಿಯು ಎರಡು ಹಸಿಮೆಣಸಿನಕಾಯಿಯನ್ನೋ ಒಂದು ಹಿಡಿ ಕೊತ್ತಂಬರಿಯನ್ನೋ ಚೀಲದೊಳಕ್ಕೆ ಹಾಕುತ್ತಾನೆ. ಅದು ಅವನ ಔದಾರ್ಯ. ಕೇಳಿದವರಿಗೆ ಕೊಡಬಹುದು, ಕೇಳದವರಿಗೂ ಕೊಡಬಹುದು, ಮುಖ ನೋಡಿ ಕೊಡದೆಯೂ ಇರಬಹುದು. ಅದನ್ನು ಆಕ್ಷೇಪಿಸುವ ಅಧಿಕಾರ ಯಾರಿಗೂ ಇಲ್ಲ, ಏಕೆಂದರೆ ಬುಟ್ಟಿ ಅವನದು, ಮೆಣಸಿನಕಾಯಿ ಅವನದು, ನಷ್ಟವೂ ಅವನದೇ. ಅಧ್ಯಾಪಕನ ಮುಂದೆ ಇರುವ ಬುಟ್ಟಿ ಅವನದಲ್ಲ. ಅಂಕವೆಂಬುದು ಅವನ ಸೊತ್ತಾಗಿದ್ದರೆ ಅವನು ಅದನ್ನು ದಾನ ಮಾಡಿ ಪುಣ್ಯ ಕಟ್ಟಿಕೊಳ್ಳಬಹುದಾಗಿತ್ತು. ಅವನು ತಕ್ಕಡಿಯನ್ನು ಹಿಡಿದವನು ಮಾತ್ರ. ತಕ್ಕಡಿ ಹಿಡಿದವನು ಒಂದು ತಟ್ಟೆಯನ್ನು ಬೆರಳಿನಿಂದ ಒತ್ತಿದರೆ ಅದಕ್ಕೆ ಔದಾರ್ಯವೆಂಬ ಹೆಸರಿಲ್ಲ. ಆ ಬೆರಳು ಎಷ್ಟೇ ಕರುಣೆಯಿಂದ ಒತ್ತಿರಲಿ.

ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅದರ ಪೂರ್ವದ ಬಡಾವಣೆಗಳಲ್ಲಿಯೂ ಈ ಪ್ರಶ್ನೆ ಇಂದಿನಷ್ಟು ತೀವ್ರವಾಗಿ ಹಿಂದೆ ಇರಲಿಲ್ಲ. ಅದಕ್ಕೆ ಕಾರಣ ಹಿಂದಿನವರ ಸದ್ಗುಣವಲ್ಲ, ದೂರ. 1882ರಲ್ಲಿ ಸ್ಥಾಪಿತವಾದ ಸಂತ ಜೋಸೆಫರ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. 1881ರಿಂದ 1947ರ ವರೆಗೆ ದಂಡು ಪ್ರದೇಶದ ಆಡಳಿತ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿದ್ದಂತೆ, ಅಲ್ಲಿನ ಹುಡುಗರ ಪದವಿಯ ಭವಿಷ್ಯ ಮದರಾಸಿನ ಪರೀಕ್ಷಕರ ಕೈಯಲ್ಲಿತ್ತು. ದಂಡಿನ ರೈಲು ನಿಲ್ದಾಣದಿಂದ ಹೊರಟು ಮದರಾಸಿನಲ್ಲಿಳಿದು, ಯಾರೆಂದು ತಿಳಿಯದ ಪರೀಕ್ಷಕನನ್ನು ಹುಡುಕಿ, ಒಂದು ಅಂಕವನ್ನು ಬೇಡುವ ಉತ್ಸಾಹ ಎಷ್ಟು ಮಂದಿಗೆ ಇದ್ದೀತು? 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿತು. 2017ರಲ್ಲಿ ಅದು ಮೂರಾಗಿ ಒಡೆದು, ಕೃಷ್ಣರಾಜಪುರದ ಸರ್ಕಾರಿ ಪ್ರಥಮದರ್ಜೆ ಕಾಲೇಜು ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ಪಾಲಾಯಿತು. ಹೀಗೆ ಒಂದೊಂದು ಹೆಜ್ಜೆಗೂ ಪರೀಕ್ಷಕನು ಹತ್ತಿರ ಹತ್ತಿರ ಬರುತ್ತಾ ಹೋದನು. ಕೊನೆಗೆ ಸ್ವಾಯತ್ತ ಕಾಲೇಜುಗಳ ಪದ್ಧತಿ ಬಂದು, ಸಂತ ಜೋಸೆಫರ ಕಾಲೇಜು, 1948ರಲ್ಲಿ ಆರಂಭವಾದ ಮೌಂಟ್ ಕಾರ್ಮೆಲ್ ಮೊದಲಾದ ಸಂಸ್ಥೆಗಳು ತಮ್ಮ ಪರೀಕ್ಷೆಗಳನ್ನು ತಾವೇ ನಡೆಸತೊಡಗಿದುವು. ಇವುಗಳಲ್ಲಿ ಮೊದಲನೆಯದು 2022ರಲ್ಲಿ ತಾನೇ ವಿಶ್ವವಿದ್ಯಾನಿಲಯವಾಯಿತು. ಸ್ವಾಯತ್ತತೆಯಿಂದ ಪಾಠಪಟ್ಟಿಗೆ ಆದ ಲಾಭವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪಾಠ ಹೇಳಿದವನೇ ಪ್ರಶ್ನೆಯನ್ನು ಬರೆದು, ಉತ್ತರವನ್ನು ಅಳೆದು, ಮರುದಿನ ಅದೇ ಹುಡುಗನ ಮುಖವನ್ನು ಮೊಗಸಾಲೆಯಲ್ಲಿ ಕಾಣಬೇಕಾದ ಸ್ಥಿತಿಯೂ ಅದರೊಂದಿಗೆ ಬಂದಿತು. ಮದರಾಸಿನಲ್ಲಿದ್ದ ತಕ್ಕಡಿ ಈಗ ಅಧ್ಯಾಪಕರ ಕೊಠಡಿಯ ಮೇಜಿನ ಮೇಲಿದೆ.

ಸ್ವಾಯತ್ತವಲ್ಲದ ಕಾಲೇಜುಗಳಲ್ಲಿಯೂ ತಕ್ಕಡಿಯ ಒಂದು ಭಾಗ ಒಳಗೇ ಇದೆ. 2021ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ತರಗತಿಗಳಲ್ಲಿ ನೂರಕ್ಕೆ 40 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿದ್ದುವು. 2024ರಲ್ಲಿ ರಾಜ್ಯ ಸರ್ಕಾರವು ಆ ನೀತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಆಂತರಿಕ ಅಂಕವು ಮಾತ್ರ ಒಂದಲ್ಲ ಒಂದು ಪ್ರಮಾಣದಲ್ಲಿ ಉಳಿದುಕೊಳ್ಳುತ್ತದೆ. ಅದನ್ನು ಏರಿಸುವ ಇಳಿಸುವ ಅಧಿಕಾರ ಒಬ್ಬ ಮನುಷ್ಯನ ಲೇಖನಿಯ ತುದಿಯಲ್ಲಿದೆ ಎಂಬುದನ್ನು ತಿಳಿಯದ ಮನೆ ಇಂದಿರಾನಗರದಲ್ಲಿ ಒಂದೂ ಇಲ್ಲ.

ಈಗ ಎದುರುಪಕ್ಷದವರ ವಾದಗಳನ್ನು ಪರಿಶೀಲಿಸೋಣ. ಅವು ಬರಿಯ ಕಣ್ಣೀರಿನ ವಾದಗಳಲ್ಲ. ಅವುಗಳಲ್ಲಿ ಬಲವುಳ್ಳವೂ ಇವೆ.

ಎಲ್ಲಕ್ಕಿಂತ ಬಲವಾದ ವಾದ ಹೀಗಿದೆ: ಅಂಕವೆಂಬುದು ಅಕ್ಕಿಯ ತೂಕದಂತೆ ಖಚಿತವಾದುದಲ್ಲ, 34ಕ್ಕೂ 35ಕ್ಕೂ ಇರುವ ಅಂತರ ವಿದ್ಯಾರ್ಥಿಯ ಜ್ಞಾನದ ಅಂತರವಲ್ಲ, ಪರೀಕ್ಷಕನು ಆ ಹೊತ್ತಿನಲ್ಲಿದ್ದ ಮನಃಸ್ಥಿತಿಯ ಅಂತರ, ಆದುದರಿಂದ ಸಂಶಯದ ಲಾಭವನ್ನು ವಿದ್ಯಾರ್ಥಿಗೆ ಕೊಡುವುದೇ ನ್ಯಾಯ. ಇದರ ಪೂರ್ವಾರ್ಧ ಪೂರ್ಣವಾಗಿ ಸತ್ಯ. ಎಜ್‌ವರ್ತ್ ಎಂಬ ಗಣಿತಜ್ಞನು 1888ರಷ್ಟು ಹಿಂದೆಯೇ ಪರೀಕ್ಷೆಗಳಲ್ಲಿ ಅದೃಷ್ಟದ ಪಾಲೆಷ್ಟೆಂಬುದನ್ನು ಲೆಕ್ಕ ಹಾಕಿ ತೋರಿಸಿದನು. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾಗಿದ್ದು, ಭಾರತದ ವಿದ್ಯಾಭ್ಯಾಸದ ಪರಿಶೀಲನೆಗೆ 1929ರಲ್ಲಿ ವರದಿಯನ್ನಿತ್ತ ಸರ್ ಫಿಲಿಪ್ ಹಾರ್ಟಾಗ್ ಎಂಬುವರು, ರೋಡ್ಸ್ ಎಂಬ ವಿದ್ವಾಂಸರೊಡನೆ 1935ರಲ್ಲಿ ಪ್ರಕಟಿಸಿದ ಶೋಧನೆ ಇನ್ನೂ ಕಟುವಾದುದು. ಅವರು ಇತಿಹಾಸದ 15 ಉತ್ತರಪತ್ರಿಕೆಗಳನ್ನು ಪರೀಕ್ಷಕರಿಗೆ ಕೊಟ್ಟು ಅಂಕ ಹಾಕಿಸಿದರು. ಒಂದು ವರ್ಷಕ್ಕೂ ಮಿಕ್ಕ ಕಾಲ ಕಳೆದ ಮೇಲೆ ಅದೇ ಪತ್ರಿಕೆಗಳನ್ನು ಅದೇ ಪರೀಕ್ಷಕರಲ್ಲಿ 14 ಮಂದಿಗೆ ಮತ್ತೆ ಕೊಟ್ಟರು. ಒಟ್ಟು 210 ತೀರ್ಪುಗಳಲ್ಲಿ 92 ಬದಲಾಗಿದ್ದುವು. ಹಿಂದಿನ ವರ್ಷ ತಾನೇ ತೇರ್ಗಡೆ ಮಾಡಿದವನನ್ನು ಪರೀಕ್ಷಕನು ಈ ವರ್ಷ ತಾನೇ ಕೆಳಗಿಳಿಸಿದ್ದನು, ಕೆಳಗಿದ್ದವನನ್ನು ಮೇಲೆತ್ತಿದ್ದನು.

ಹಾಗಾದರೆ ಏರಿಸುವುದೇ ನ್ಯಾಯವಲ್ಲವೇ? ಅಲ್ಲ. ತಕ್ಕಡಿಯ ಮುಳ್ಳು ಅಲುಗುತ್ತಿದೆಯೆಂದರೆ ಅದು ಎರಡು ಕಡೆಗೂ ಅಲುಗುತ್ತಿದೆ. 34 ಪಡೆದವನು ನಿಜವಾಗಿ 36ಕ್ಕೆ ಯೋಗ್ಯನಾಗಿರಬಹುದಾದರೆ, 36 ಪಡೆದವನು ನಿಜವಾಗಿ 34ಕ್ಕೆ ಯೋಗ್ಯನಾಗಿರಬಹುದು. ಅಳತೆಯ ದೋಷಕ್ಕೆ ಮರುಗಿ ಅವನ ಅಂಕವನ್ನು ಇಳಿಸಬೇಕೆಂದು ಯಾವ ತಂದೆಯೂ ಬಾಗಿಲು ತಟ್ಟಿದುದಿಲ್ಲ. ಒಂದೇ ಕಡೆಗೆ ತಿದ್ದುವ ತಿದ್ದುಪಡಿ ದೋಷವನ್ನು ಕಳೆಯುವುದಿಲ್ಲ. ಹೊಸ ದೋಷವೊಂದನ್ನು ಸೇರಿಸುತ್ತದೆ. ಅದರ ಮೇಲೆ, ಗೆರೆಯನ್ನು 35ರಿಂದ 34ಕ್ಕೆ ಎಳೆದ ಮಾತ್ರಕ್ಕೆ ಅಂಚು ಅಳಿದುಹೋಗುವುದೂ ಇಲ್ಲ. ಆಗ 33 ಪಡೆದವನು ಅಂಚಿನಲ್ಲಿ ನಿಂತು ಅದೇ ಮಾತನ್ನು ಅದೇ ಕಣ್ಣೀರಿನಿಂದ ಹೇಳುತ್ತಾನೆ. ಅವನಿಗೆ ಕೊಡುವ ಉತ್ತರವೇನು? ಅಳತೆ ಸಂಶಯಾಸ್ಪದವಾದರೆ ಎರಡನೆಯವನಿಂದ ಅಳೆಸಬೇಕು. ಅಂಚಿನ ಎಲ್ಲ ಪತ್ರಿಕೆಗಳನ್ನೂ, ಹೆಸರು ತಿಳಿಯದ ಇನ್ನೊಬ್ಬ ಪರೀಕ್ಷಕನ ಮುಂದಿಡಬೇಕು. ಕಣ್ಣು ಮಂಜಾದವನಿಗೆ ಕನ್ನಡಕ ಬೇಕು. ಕರುಣೆಯಿಂದ ಅಕ್ಷರ ಕಾಣುವುದಿಲ್ಲ.

ಎರಡನೆಯ ವಾದ: ಅಧ್ಯಾಪಕನು ವಿದ್ಯಾರ್ಥಿಯನ್ನು ಬಲ್ಲನು, ಉತ್ತರಪತ್ರಿಕೆ ಬಲ್ಲದಿಲ್ಲ. ವರ್ಷವೆಲ್ಲ ಶ್ರದ್ಧೆಯಿಂದ ಕುಳಿತು ಕೇಳಿದ ಹುಡುಗಿ ಪರೀಕ್ಷೆಯ ದಿನ ಜ್ವರದಿಂದ ನಡುಗುತ್ತಾ ಬರೆದಿದ್ದರೆ, ಅದನ್ನು ಬಲ್ಲ ಅಧ್ಯಾಪಕನು ಅದನ್ನು ಎಣಿಸಬಾರದೇ? ಎಣಿಸಬಹುದು, ಎಣಿಸುವುದಕ್ಕಾಗಿಯೇ ಆಂತರಿಕ ಮೌಲ್ಯಮಾಪನವೆಂಬುದು ಇದೆ. ಹಾಜರಿ, ಬರವಣಿಗೆ, ಕಿರುಪರೀಕ್ಷೆ, ತರಗತಿಯ ಚರ್ಚೆ ಇವುಗಳ ಮೂಲಕ ಅಧ್ಯಾಪಕನು ಆಗಾಗ್ಗೆ ಕಂಡುದನ್ನು ಆಗಾಗ್ಗೆ ದಾಖಲೆ ಮಾಡತಕ್ಕದ್ದು. ಹಾಗೆ ದಾಖಲಾದ ಶ್ರದ್ಧೆಯನ್ನು ಕೊನೆಯಲ್ಲಿ ಮತ್ತೊಮ್ಮೆ ಎಣಿಸಿದರೆ ಒಂದೇ ಸರಕಿಗೆ ಎರಡು ಬಾರಿ ಬೆಲೆ ಕೊಟ್ಟಂತಾಯಿತು. ದಾಖಲಾಗದೆ ಕೊನೆಯ ದಿನ ಥಟ್ಟನೆ ನೆನಪಿಗೆ ಬಂದ ಶ್ರದ್ಧೆಯ ವಿಷಯದಲ್ಲಿಯಾದರೋ, ಆ ನೆನಪು ಯಾರು ಬಾಗಿಲಲ್ಲಿ ನಿಂತಾಗ ಬಂದಿತು ಎಂದು ಕೇಳಬೇಕಾಗುತ್ತದೆ.

ಮೂರನೆಯ ವಾದವು ಹೃದಯವನ್ನು ತಟ್ಟುವಂಥದು: ಒಂದು ಅಂಕದಿಂದ ಒಂದು ಬಾಳು ಹಾಳಾಗುತ್ತದೆ. ಇದನ್ನು ಲಘುವಾಗಿ ಕಾಣಲಾಗದು. ವೈಟ್‌ಫೀಲ್ಡಿನ ಕಡೆಯ ಕಂಪೆನಿಗಳಲ್ಲಿ ಶೇಕಡ 60ಕ್ಕಿಂತ ಕಡಮೆಯಾದವರ ಅರ್ಜಿಯನ್ನೇ ತೆಗೆದುಕೊಳ್ಳದಿರುವ ಪರಿಪಾಠವುಂಟು. ಒಂದು ವಿಷಯದಲ್ಲಿ ಹಿಂದೆ ಬಿದ್ದ ಹೆಣ್ಣುಮಗಳ ಓದನ್ನು ಅಲ್ಲಿಗೇ ನಿಲ್ಲಿಸಿ ಮದುವೆಯ ಮಾತೆತ್ತುವ ಮನೆಗಳು ಹೊಸಕೋಟೆಯ ದಾರಿಯಲ್ಲಿ ಮಾತ್ರವಲ್ಲ, ಹಲಸೂರಿನ ಕೆರೆಯ ಸುತ್ತಲೂ ಇವೆ. ಅಂಥವರಿಗಾಗಿ ಗೆರೆಯನ್ನು ಬಾಗಿಸಬಾರದೇ? ಬಾಗಿಸಬಹುದು. ಯಾರು ಬಾಗಿಸಬೇಕು, ಹೇಗೆ ಬಾಗಿಸಬೇಕು ಎಂಬುದೇ ಪ್ರಶ್ನೆ. ಈ ದೇಶದ ಇತಿಹಾಸದಲ್ಲಿ ಇದಕ್ಕೆ ಎರಡು ಉಜ್ಜ್ವಲವಾದ ನಿದರ್ಶನಗಳಿವೆ.

ಮೊದಲನೆಯದು 1858ರ ಕಲ್ಕತ್ತೆಯದು. ಹಿಂದಿನ ವರ್ಷವಷ್ಟೇ ಹುಟ್ಟಿದ ವಿಶ್ವವಿದ್ಯಾನಿಲಯವು ತನ್ನ ಮೊದಲ ಬಿ.ಎ. ಪರೀಕ್ಷೆಯನ್ನು ನಡೆಸಿತು. ನಿಯಮದಂತೆ ತೇರ್ಗಡೆಯಾದವರು ಒಬ್ಬರೂ ಇರಲಿಲ್ಲ. ಬಂಕಿಮಚಂದ್ರ ಚಟ್ಟೋಪಾಧ್ಯಾಯ, ಯದುನಾಥ ಬೋಸ್ ಎಂಬ ಇಬ್ಬರು ಆರು ವಿಷಯಗಳಲ್ಲಿ ಐದನ್ನು ಚೆನ್ನಾಗಿ ಬರೆದು ಆರನೆಯದರಲ್ಲಿ 7 ಅಂಕಗಳಿಗೆ ಮೀರದಷ್ಟು ಹಿಂದೆ ಬಿದ್ದಿದ್ದರು. ವಿಶ್ವವಿದ್ಯಾನಿಲಯವು ಅವರಿಬ್ಬರಿಗೂ ವಿಶೇಷ ಕೃಪೆಯೆಂದು ಸ್ಪಷ್ಟವಾಗಿ ಹೇಳಿ ಪದವಿಯನ್ನು ಕೊಟ್ಟಿತು. ಎರಡನೆಯದು 1913ರ ಮದರಾಸಿನದು. ಎಫ್.ಎ. ಪರೀಕ್ಷೆಯನ್ನು ದಾಟಲಾರದೆ ಹೋಗಿದ್ದ, ಪದವಿಯಿಲ್ಲದ ಶ್ರೀನಿವಾಸ ರಾಮಾನುಜನ್ನರಿಗೆ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ಮಂಜೂರು ಮಾಡಿತು.

ಕೃಪಾಂಕದ ಪಕ್ಷಪಾತಿಗಳು ಈ ಎರಡು ಹೆಸರುಗಳನ್ನೂ ತಮ್ಮ ಕಡೆಯ ಸಾಕ್ಷಿಗಳೆಂದು ಕರೆತರುವುದುಂಟು. ಸಾಕ್ಷಿಗಳು ಹೇಳುವುದೇ ಬೇರೆ. ಕಲ್ಕತ್ತೆಯಲ್ಲಿ ಗೆರೆಯನ್ನು ಬಾಗಿಸಿದವನು ಒಬ್ಬ ಪರೀಕ್ಷಕನಲ್ಲ, ಅಧಿಕಾರವುಳ್ಳ ಮಂಡಲಿ. ಅದು ರಹಸ್ಯವಾಗಿ ಆರನೆಯ ಪತ್ರಿಕೆಯ ಅಂಕವನ್ನು ತಿದ್ದಲಿಲ್ಲ. ಕೊರತೆ ಇಷ್ಟು, ಕೃಪೆ ಇಷ್ಟು ಎಂದು ಬರೆದಿಟ್ಟಿತು. ಅದೇ ಸ್ಥಿತಿಯಲ್ಲಿದ್ದ ಇಬ್ಬರಿಗೂ ಅದೇ ಅಳತೆಯನ್ನು ಹಿಡಿಯಿತು. ಆ ಕೊರತೆಯನ್ನು ಬರೆದಿಟ್ಟದ್ದರಿಂದ ಬಂಕಿಮರ ಕೀರ್ತಿಗೆ ಒಂದು ಎಳ್ಳಿನಷ್ಟೂ ಕುಂದು ಬರಲಿಲ್ಲ. ಮದರಾಸಿನವರಾದರೋ ರಾಮಾನುಜನ್ನರನ್ನು ತೇರ್ಗಡೆಯಾದವರೆಂದು ಸುಳ್ಳು ಹೇಳಲಿಲ್ಲ; ತೇರ್ಗಡೆಯಾಗದವನಿಗೂ ವೇತನ ಸಲ್ಲತಕ್ಕದ್ದೆಂದು ಬಹಿರಂಗವಾಗಿ ನಿಶ್ಚಯಿಸಿದರು. ಅರ್ಧ ಅಂಕದ ಔದಾರ್ಯದಿಂದ ರಾಮಾನುಜನ್ನರಿಗೆ ಯಾವ ಉಪಕಾರವೂ ಆಗುತ್ತಿರಲಿಲ್ಲ. ಬಹಿರಂಗವಾಗಿ ಬಾಗಿದ ಗೆರೆ ಗೌರವವನ್ನು ಕಳೆದುಕೊಳ್ಳುವುದಿಲ್ಲ. ಕತ್ತಲಲ್ಲಿ ಬಾಗಿದ ಗೆರೆ ಗೆರೆಯಾಗಿಯೇ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ, ಮರೆಯಲ್ಲಿ ನಡೆಯುವ ಏರಿಕೆಯಿಂದ ಯಾರ ಗಂಟು ಹೋಗುತ್ತದೆಂಬುದನ್ನು ನೋಡಬೇಕು. ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳಿರಿ. ಒಬ್ಬನು ಇಂದಿರಾನಗರದ ಅಗಲವಾದ ಬೀದಿಯೊಂದರ ಮನೆಯವನು. ಅವನ ತಂದೆ ಅಧಿಕಾರಿ, ತಾಯಿಯೂ ಓದಿದವಳು. ಇಂಗ್ಲಿಷಿನಲ್ಲಿ ಸಂಕೋಚವಿಲ್ಲದೆ ಮಾತನಾಡಬಲ್ಲನು; ಅಧ್ಯಾಪಕರ ಕೊಠಡಿಗೆ ಹೋಗಿ ಕುಳಿತುಕೊಳ್ಳಬಲ್ಲನು; ಇಲ್ಲವೆಂದರೆ ಮೇಲಿನವರನ್ನು ಕಾಣಬಲ್ಲನು. ಇನ್ನೊಬ್ಬಳು ಕೃಷ್ಣರಾಜಪುರದ ಆಚೆಯ ಹಳ್ಳಿಯಿಂದ ಎರಡು ಬಸ್ಸುಗಳನ್ನು ಬದಲಾಯಿಸಿಕೊಂಡು ಬರುವವಳು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಇಬ್ಬರಿಗೂ 34 ಅಂಕ. ಮೊದಲನೆಯವನಿಗೆ 34 ಎಂಬುದು ಮಾತುಕತೆಯ ಆರಂಭ. ಎರಡನೆಯವಳಿಗೆ ಅದು ತೀರ್ಪು. ಅವಳು ಫಲಕದ ಮುಂದೆ ಎರಡು ನಿಮಿಷ ನಿಂತು, ಕಣ್ಣೊರಸಿಕೊಂಡು, ಬಸ್ಸಿನ ನಿಲ್ದಾಣಕ್ಕೆ ನಡೆದುಬಿಡುತ್ತಾಳೆ. ಅಂಕವನ್ನು ಕೇಳಬಹುದೆಂಬ ಸಂಗತಿಯೇ ಅವಳಿಗೆ ತಿಳಿಯದು. ತಿಳಿದರೂ ಕೇಳಲು ನಾಲಗೆ ಏಳದು.

ಅಧ್ಯಾಪಕನು ಮೊದಲನೆಯವನಿಗೆ 35 ಕೊಟ್ಟನೆಂದಿಟ್ಟುಕೊಳ್ಳಿರಿ. ಅವನು ಕೆಟ್ಟವನಲ್ಲ; ಲಂಚ ಮುಟ್ಟಲಿಲ್ಲ; ಜಾತಿ ನೋಡಲಿಲ್ಲ; ಕಣ್ಣೆದುರಿಗೆ ಕಂಡ ದುಃಖಕ್ಕೆ ಕರಗಿದನು, ಅಷ್ಟೆ. ಆದರೆ ದಯೆಯು ಕಣ್ಣೆದುರಿಗೆ ಬಂದವರನ್ನು ಮಾತ್ರ ಕಾಣುತ್ತದೆ. ಕಣ್ಣೆದುರಿಗೆ ಬರುವ ಧೈರ್ಯವೂ ಭಾಷೆಯೂ ಬಿಡುವೂ ಯಾರಿಗಿವೆ? ಹಿಂದೆಯೇ ಎಲ್ಲ ಇದ್ದವರಿಗೆ. ಹೀಗೆ ಒಳ್ಳೆಯ ಮನಸ್ಸಿನ ಮನುಷ್ಯನೊಬ್ಬನು, ಒಳ್ಳೆಯದನ್ನೇ ಮಾಡುತ್ತಿರುವೆನೆಂದು ನಂಬಿಕೊಂಡು, ಉಳ್ಳವರಿಗೆ ಇನ್ನಷ್ಟನ್ನು ಸೇರಿಸುತ್ತಾನೆ. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರಂಥ ದಾನಿಗಳು ಬಡವರ ಮಕ್ಕಳಿಗೆಂದು ದಂಡಿನಲ್ಲಿ ಶಾಲೆಗಳನ್ನು ತೆರೆದು ಒಂದೂವರೆ ಶತಮಾನ ಕಳೆಯಿತು. ಅವರು ತೆರೆದ ಮುಂಬಾಗಿಲಿನಿಂದ ಬಡವರ ಮಕ್ಕಳು ಒಳಗೆ ಬರುತ್ತಿರುವಾಗ, ಹಿಂಬಾಗಿಲಿನಲ್ಲಿ ಬೇರೊಂದು ಸಾಲು ನಿಲ್ಲುವುದು ಸಲ್ಲದು. ಮೇಲಿನ ತರಗತಿಗೆ ಸ್ಥಾನಗಳು ಎಣಿಸಿದಷ್ಟೇ ಇರುವಲ್ಲಿ, ಪಟ್ಟಿಯಲ್ಲಿ ಒಬ್ಬನು ಮೇಲೇರಿದರೆ ಮತ್ತೊಬ್ಬರು ಕೆಳಗಿಳಿಯಲೇಬೇಕೆಂಬುದನ್ನೂ ಮರೆಯಲಾಗದು.

ಏರಿಕೆಯ ಭಾರ ಅಧ್ಯಾಪಕನ ಮೇಲೂ ಬೀಳುತ್ತದೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲನ್ನು ಅತಿಥಿ ಉಪನ್ಯಾಸಕರೆಂಬ ಹೆಸರಿನ ಸಾವಿರಾರು ಮಂದಿ ಹೊತ್ತಿದ್ದಾರೆ. ಅತಿಥಿಯೆಂಬ ಹೆಸರು ಗೌರವದ್ದು. ಸ್ಥಿತಿ ಮಾತ್ರ ವರ್ಷ ವರ್ಷವೂ ಮರುನೇಮಕಕ್ಕೆ ಕಾಯಬೇಕಾದವರದು. ಖಾಯಂ ಮಾಡಬೇಕೆಂದು ಅವರು 2023ರ ಕೊನೆಯಲ್ಲಿ ವಾರಗಟ್ಟಲೆ ಮುಷ್ಕರ ಹೂಡಿದುದನ್ನು ಎಲ್ಲರೂ ಬಲ್ಲರು. ಖಾಸಗಿ ಕಾಲೇಜುಗಳಲ್ಲಿ ಫಲಿತಾಂಶದ ಶೇಕಡಾವಾರು ಸಂಖ್ಯೆಯನ್ನು ಬೀದಿಯ ಫಲಕಗಳಲ್ಲಿ ಬರೆಸಿ ಹೊಸ ವಿದ್ಯಾರ್ಥಿಗಳನ್ನು ಕರೆಯುವ ಪದ್ಧತಿಯಿದೆ. ಇಂಥ ಸ್ಥಿತಿಯಲ್ಲಿರುವ ಉಪನ್ಯಾಸಕನಿಗೆ "ಇದು ನಿಮ್ಮ ವಿವೇಚನೆಗೆ ಬಿಟ್ಟದ್ದು" ಎಂದು ಅಧಿಕಾರ ಕೊಡುವುದು ಗೌರವವಲ್ಲ. ಅವನನ್ನು ರಕ್ಷಣೆಯಿಲ್ಲದೆ ಬಯಲಿನಲ್ಲಿ ನಿಲ್ಲಿಸಿದಂತೆ. ಮೇಲಿನವರು ಸೂಚಿಸಿದ ಹೆಸರಿಗೆ ಇಲ್ಲವೆನ್ನಲು ಅವನಲ್ಲಿ ಏನು ಬಲವಿದೆ? "ನಿಯಮದಲ್ಲಿ ಅವಕಾಶವಿಲ್ಲ" ಎಂಬ ಎರಡು ಮಾತುಗಳೇ ಅವನ ಕೋಟೆ. ವಿವೇಚನೆಯ ಹೆಸರಿನಲ್ಲಿ ಆ ಕೋಟೆಯನ್ನು ಕೆಡವಿದವರು ಅವನ ಹಿತಚಿಂತಕರಲ್ಲ.

ಆದರೆ ಕೃಪೆಯನ್ನು ನಿಯಮಕ್ಕೆ ಒಪ್ಪಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದೂ ತಿಳಿಯಬಾರದು. 2024ರ ಹತ್ತನೆಯ ತರಗತಿಯ ಪರೀಕ್ಷೆ ಇದಕ್ಕೆ ಪಾಠ. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿರಿಸಿ ನಕಲನ್ನು ಬಿಗಿಯಾಗಿ ತಡೆದರು. ತೇರ್ಗಡೆಯಾಗುವವರ ಸಂಖ್ಯೆ ಇಳಿಯಿತು. ಕೂಡಲೆ ಕೃಪಾಂಕದ ಪ್ರಮಾಣವನ್ನು ಶೇಕಡ 10ರಿಂದ 20ಕ್ಕೂ, ಅದಕ್ಕೆ ಅರ್ಹತೆಯನ್ನು ಶೇಕಡ 35ರಿಂದ 25ಕ್ಕೂ ಬದಲಾಯಿಸಲಾಯಿತು. ಹಾಗೆ ಮಾಡಿಯೂ 2023ರಲ್ಲಿ ಶೇಕಡ 83.89 ಇದ್ದ ಫಲಿತಾಂಶ 73.40ಕ್ಕೆ ನಿಂತಿತು. ಮುಖ್ಯಮಂತ್ರಿಗಳೇ ಆಕ್ಷೇಪಿಸಿದ ಮೇಲೆ ಮುಂದಿನ ವರ್ಷದಿಂದ ಆ ಏರ್ಪಾಡನ್ನು ಕೈಬಿಡಲಾಯಿತು. ಆ ಕೃಪೆ ಎಲ್ಲರಿಗೂ ಒಂದೇ ಆಗಿತ್ತು, ಬಹಿರಂಗವಾಗಿಯೂ ಇತ್ತು, ಆದರೂ ತಪ್ಪಾಯಿತು. ಏಕೆ? ಅದು ಅಳತೆಯ ದೋಷಕ್ಕೆ ಔಷಧವಾಗಿರಲಿಲ್ಲ. ಅಳತೆಯು ಹೇಳಿದ ಸತ್ಯಕ್ಕೆ ಹೊದಿಸಿದ ಬಟ್ಟೆಯಾಗಿತ್ತು. ಫಲಿತಾಂಶವನ್ನು ನೋಡಿದ ಮೇಲೆ ಗೆರೆಯನ್ನು ಎಳೆದರೆ ಗುರಿಗೆ ಬಾಣ ಬಿಟ್ಟಂತಾಗದು. ಬಾಣ ಬಿದ್ದಲ್ಲಿ ಗುರಿಯನ್ನು ಬರೆದಂತಾಗುತ್ತದೆ.

ಇದಕ್ಕೆ ಎದುರಾಗಿ ಭಾರತೀಯ ವೈದ್ಯಕೀಯ ಪರಿಷತ್ತು 1997ರಲ್ಲಿ ಮಾಡಿದ ನಿಯಮವನ್ನು ಇಟ್ಟು ನೋಡಬಹುದು. ಬೇರೆಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿ ಒಂದೇ ವಿಷಯದಲ್ಲಿ ಸೋತವನಿಗೆ, ಹೆಚ್ಚೆಂದರೆ 5 ಅಂಕಗಳ ವರೆಗೆ, ವಿಶ್ವವಿದ್ಯಾನಿಲಯವು ಕೃಪೆ ತೋರಬಹುದೆಂದು ಅದು ಹೇಳಿತ್ತು. ಬೌರಿಂಗ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ರೋಗಿಗೆ ಆ 5 ಅಂಕಗಳೂ ಹೆಚ್ಚಾಗಿ ತೋರಬಹುದು. ಅದು ಬೇರೆ ಚರ್ಚೆ. ಆದರೆ ಎಷ್ಟು, ಯಾರಿಗೆ, ಯಾರಿಂದ ಎಂಬ ಮೂರಕ್ಕೂ ಅಲ್ಲಿ ಮೊದಲೇ ಉತ್ತರವಿತ್ತು.

ಭಿನ್ನರಾಶಿಯ ವಿಷಯದಲ್ಲಿಯೂ ಇದೇ ನ್ಯಾಯ. ಅರ್ಧಕ್ಕೆ ಮೇಲ್ಪಟ್ಟುದನ್ನು ಒಂದೆಂದು ಎಣಿಸತಕ್ಕದ್ದೆಂದು ನಿಯಮವಿದ್ದರೆ ಗುಮಾಸ್ತನೇ ಎಲ್ಲರಿಗೂ ಹಾಗೆ ಎಣಿಸಲಿ. ಇಲ್ಲದಿದ್ದರೆ ಯಾರಿಗೂ ಬೇಡ. ಒರಿಸ್ಸಾ ಲೋಕಸೇವಾ ಆಯೋಗದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಶೇಕಡ 45 ಬೇಕಾಗಿದ್ದಲ್ಲಿ ಅಭ್ಯರ್ಥಿಗೆ 44.93 ಬಂದಿತ್ತು. ನಿಯಮದಲ್ಲಿ ಪೂರ್ಣಗೊಳಿಸುವ ಅವಕಾಶವಿಲ್ಲದಿರುವಾಗ 44.93ನ್ನು 45 ಮಾಡಲಾಗದೆಂದು ನ್ಯಾಯಾಲಯ ತೀರ್ಮಾನಿಸಿತು. ಕಠೋರವೆಂದು ತೋರಬಹುದು. ಆದರೆ ದೇಶದ ಅತ್ಯುನ್ನತ ನ್ಯಾಯಪೀಠವೇ ತನಗಿಲ್ಲವೆಂದುಕೊಂಡ ಅಧಿಕಾರವನ್ನು ಕಾಲೇಜಿನ ಕೊಠಡಿಯೊಂದರಲ್ಲಿ ಒಬ್ಬನು ಚಹಾ ಕುಡಿಯುತ್ತಾ ಚಲಾಯಿಸುವುದು ಹೇಗೆ ಯುಕ್ತವಾದೀತು?

ಮಾಡತಕ್ಕುದೇನೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಮೊದಲನೆಯದು, ಪ್ರತಿಯೊಂದು ಸ್ವಾಯತ್ತ ಕಾಲೇಜಿನ ವಿದ್ಯಾಮಂಡಲಿಯೂ ಅಂಚಿನ ಪಟ್ಟಿಯನ್ನು ವರ್ಷದ ಆರಂಭದಲ್ಲಿಯೇ ಗೊತ್ತುಪಡಿಸಿ ಪ್ರಕಟಿಸಲಿ; ಗೆರೆಯ ಕೆಳಗೆ 2 ಅಂಕವೆಂದಾದರೆ 2, 3 ಎಂದಾದರೆ 3. ಎರಡನೆಯದು, ಆ ಪಟ್ಟಿಯೊಳಗೆ ಬಿದ್ದ ಪ್ರತಿಯೊಂದು ಪತ್ರಿಕೆಯೂ, ಯಾರೂ ಅರ್ಜಿ ಹಾಕದೆಯೇ, ಶುಲ್ಕವಿಲ್ಲದೆಯೇ, ಸಂಕೇತಸಂಖ್ಯೆಯ ಮರೆಯಲ್ಲಿ ಎರಡನೆಯ ಪರೀಕ್ಷಕನಿಗೆ ಹೋಗಲಿ. ಕೇಳಿದವರಿಗೆ ಮಾತ್ರ ದೊರೆಯುವ ನ್ಯಾಯವು ಕೇಳಬಲ್ಲವರ ನ್ಯಾಯ. ಮೂರನೆಯದು, ಕೃಪಾಂಕ ಕೊಟ್ಟಲ್ಲಿ ಅದನ್ನು ಕೃಪಾಂಕವೆಂದೇ ದಾಖಲೆಯಲ್ಲಿ ಬರೆಯಲಿ. ನಾಲ್ಕನೆಯದು, ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವು ಅದೇ 2011ರಲ್ಲಿ ಹೇಳಿದ್ದನ್ನು ಫಲಿತಾಂಶದ ಫಲಕದ ಪಕ್ಕದಲ್ಲಿಯೇ ಕನ್ನಡದಲ್ಲಿ ಬರೆದು ಹಚ್ಚಲಿ.

ಐದನೆಯದೇ ನಿಜವಾದ ದಯೆ. ಸೋತವನು ವರ್ಷವನ್ನು ಕಳೆದುಕೊಳ್ಳದಂತೆ ಕೆಲವೇ ವಾರಗಳಲ್ಲಿ ಮರುಪರೀಕ್ಷೆ ನಡೆಯಲಿ. 2024ರಿಂದ ಹತ್ತನೆಯ ತರಗತಿಗೂ ದ್ವಿತೀಯ ಪಿ.ಯು.ಸಿ.ಗೂ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ರಾಜ್ಯದಲ್ಲಿ ಬಂದಿತು. ಲಕ್ಷಾಂತರ ಮಕ್ಕಳಿಗೆ ಸಾಧ್ಯವಾದುದು ಕೆಲವು ಸಾವಿರ ಮಂದಿಯ ಕಾಲೇಜಿಗೆ ಏಕೆ ಸಾಧ್ಯವಾಗದು? ಆ ನಡುವಣ ವಾರಗಳಲ್ಲಿ ಅಧ್ಯಾಪಕನು ಸೋತವರನ್ನು ಕರೆದು ಕೂರಿಸಿ ಮತ್ತೆ ಪಾಠ ಹೇಳಲಿ. ಅಂಕವನ್ನು ಏರಿಸಲು ಒಂದು ಗಳಿಗೆ ಸಾಕು. ವಿದ್ಯಾರ್ಥಿಯನ್ನು ಏರಿಸಲು ಮೂರು ವಾರ ಬೇಕು. ಕರುಣೆಯುಳ್ಳವರೆಂದು ಹೇಳಿಕೊಳ್ಳುವವರು ಯಾವುದನ್ನು ಆರಿಸಿಕೊಳ್ಳುತ್ತಾರೆಂಬುದರಿಂದ ಆ ಕರುಣೆಯ ತೂಕ ಗೊತ್ತಾಗುತ್ತದೆ.

ಈ ಮಾತುಗಳು ಅಧ್ಯಾಪಕರಿಗಿಂತ ಹೆಚ್ಚಾಗಿ ಸುಶಿಕ್ಷಿತರ ಮನೆಗಳಿಗೆ ಸಲ್ಲತಕ್ಕವು. ಏಕೆಂದರೆ ಬಾಗಿಲು ತಟ್ಟುವವರು ಅವರೇ. ಲಂಚವನ್ನು ಕಂಡರೆ ಸಿಡಿಯುವ, ಶಿಫಾರಸಿನ ರಾಜಕಾರಣವನ್ನು ಊಟದ ಹೊತ್ತಿನಲ್ಲಿ ಖಂಡಿಸುವ ಸಜ್ಜನರು ತಮ್ಮ ಮಗನ ಒಂದು ಅಂಕಕ್ಕಾಗಿ ಪರಿಚಯವನ್ನು ಬಳಸುವಾಗ ಅದನ್ನು ಲಂಚವೆಂದೂ ಎಣಿಸುವುದಿಲ್ಲ, ಶಿಫಾರಸೆಂದೂ ಎಣಿಸುವುದಿಲ್ಲ, ತಂದೆಯ ಕರ್ತವ್ಯವೆನ್ನುತ್ತಾರೆ. ಆ ಮಗನು ಅಂದು ಕಲಿಯುವ ಪಾಠ ಯಾವ ಪಾಠಪಟ್ಟಿಯಲ್ಲಿಯೂ ಇಲ್ಲ. ಆದರೆ ಜೀವಮಾನವೆಲ್ಲ ಮರೆಯದಂಥದು. ಗೆರೆಯು ಇತರರಿಗಾಗಿ ಇದೆ, ತನಗಾಗಿ ಮಾತಿದೆ ಎಂಬುದೇ ಆ ಪಾಠ. ಮಗನು ಆ ಪಾಠವನ್ನು ಕಲಿಯಬಾರದೆಂದಿದ್ದರೆ, ದೂರವಾಣಿಯನ್ನು ಕೈಗೆತ್ತಿಕೊಳ್ಳುವ ಮೊದಲು ತಂದೆಯಾದವನು, ಫಲಕದ ಮುಂದಿನಿಂದ ಸುಮ್ಮನೆ ಹಿಂದಿರುಗಿದ ಆ ಹುಡುಗಿಗಾಗಿ ಯಾರು ಕರೆ ಮಾಡುತ್ತಿದ್ದಾರೆಂದು ಒಮ್ಮೆ ತನ್ನನ್ನು ತಾನೇ ಕೇಳಿಕೊಳ್ಳಲಿ.